ತೊಟ್ಟಿಯಕ್ಕನ ಮಗಳು

ಲಾಂಡ್ರಿಯಲ್ಲಿ ಅವಳಿಗೆ ತೊಟ್ಟಿಯಕ್ಕ ಎಂದು ಹೆಸರು ಬಿದ್ದು ಬಹಳ ಕಾಲವಾಗಿತ್ತು. ಊರಿನ ಹೋಟೆಲು, ಲಾಡ್ಜುಗಳ ಹಾಸು ಬಟ್ಟೆ, ಟವೆಲ್ಲುಗಳೆಲ್ಲ ಒಗೆಯಲು ಬರುತ್ತಿದ್ದ ದೊಡ್ಡ ಲಾಂಡ್ರಿ ಅದು. ಮುಂಭಾಗದಲ್ಲಿ ಯಂತ್ರಗಳು, ಪಕ್ಕದಲ್ಲಿ ಇಸ್ತ್ರಿಯ ರೋಲರು, ಮಹಡಿಯ ಮೇಲೆ ಬಟ್ಟೆ ಮಡಚುವ ಕೋಣೆ. ಹಿಂದುಗಡೆ ತಗಡಿನ ಮಾಡಿನ ಕೆಳಗೆ ಸಿಮೆಂಟಿನ ತೊಟ್ಟಿಗಳು. ಕಲೆಯಾದ ಬಟ್ಟೆಗಳನ್ನು ಅಲ್ಲಿ ನೆನೆಸಿ, ಉಜ್ಜಿ, ಆಮೇಲೆ ಯಂತ್ರಕ್ಕೆ ಕಳಿಸಬೇಕು. ಆ ಕೆಲಸಕ್ಕೆ ಬಂದವರು ಯಾರೂ ಹೆಚ್ಚು ಕಾಲ ನಿಲ್ಲುತ್ತಿರಲಿಲ್ಲ. ಅಂಗೈ ಬಿರಿಯುತ್ತದೆ, ಸೊಂಟ ಹಿಡಿಯುತ್ತದೆ, ಚಳಿಗಾಲದಲ್ಲಿ ಬೆರಳು ಮರಗಟ್ಟುತ್ತವೆ. ಅವಳು ಮಾತ್ರ ಅಲ್ಲೇ ಬೇರುಬಿಟ್ಟಿದ್ದಳು. "ಮೇಲೆ ಮಡಚೋ ಕೋಣೆಗೆ ಬಾರಮ್ಮ, ಕೂತು ಮಾಡೋ ಕೆಲಸ, ಫ್ಯಾನೂ ಇದೆ" ಎಂದು ಯಜಮಾನ ಕರೆದರೂ ಹೋಗಿರಲಿಲ್ಲ.

"ಅಕ್ಕ ಹಿಂದಿನ ಜನ್ಮದಲ್ಲಿ ಮೀನಾಗಿದ್ರು ಕಣ್ರೋ, ನೀರು ಬಿಟ್ರೆ ಉಸಿರು ಕಟ್ಟುತ್ತೆ" ಎಂದು ರೋಲರಿನ ಹತ್ತಿರ ನಿಲ್ಲುವ ಇಸ್ತ್ರಿ ಮಾಮ ಎಲ್ಲರನ್ನೂ ನಗಿಸುತ್ತಿದ್ದ. ಅವಳೂ ನಗುತ್ತಿದ್ದಳು.

ಕಾರಣ ಬೇರೆಯೇ ಇತ್ತು. ಹದಿನಾರು ತುಂಬಿದ ವರ್ಷ ಮಗಳನ್ನು ಹೆತ್ತಾಗಿನಿಂದ ಅವಳಿಗೆ ಮೂತ್ರ ನಿಲ್ಲುತ್ತಿರಲಿಲ್ಲ. ನಿಂತರೂ ಕೂತರೂ ಮಲಗಿದರೂ ಹನಿಹನಿಯಾಗಿ ಸೋರುತ್ತಿತ್ತು. ಹಳೆಯ ಟವೆಲ್ಲು ಹರಿದು ಪದರ ಪದರವಾಗಿ ಕಟ್ಟಿಕೊಂಡು, ಗಂಟೆಗೊಮ್ಮೆ ಬದಲಿಸಿ, ಹೇಗೋ ದಿನ ದೂಡುತ್ತಿದ್ದಳು. ತೊಟ್ಟಿಯ ಹತ್ತಿರ ನಿಂತವರ ಬಟ್ಟೆ ಒದ್ದೆಯಾಗಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಸೋಪು, ಬ್ಲೀಚಿನ ಘಾಟಿನಲ್ಲಿ ಬೇರೆ ಯಾವ ವಾಸನೆಯೂ ಮೂಗಿಗೆ ಸಿಗುವುದಿಲ್ಲ. ಅದಕ್ಕೇ ಆ ಕೆಲಸ ಹಿಡಿದಿದ್ದಳು. ಗಂಡನಾಗಿದ್ದವನು ಮಗುವಿಗೆ ಹಲ್ಲು ಬರುವ ಮೊದಲೇ ಮೂಗು ಮುಚ್ಚಿಕೊಂಡು ಹೋದವನು, ಹಾಗೇ ಹೋಗಿಬಿಟ್ಟಿದ್ದ. ಅವನನ್ನು ಬಿಟ್ಟರೆ ವಿಷಯ ಗೊತ್ತಿದ್ದದ್ದು ಅವಳ ತಾಯಿಯೊಬ್ಬಳಿಗೇ. ಮಗಳು ಪುಟ್ಟಿಗೂ ಗೊತ್ತಿರಲಿಲ್ಲ.

ಲಾಂಡ್ರಿಯ ಹಿಂದಿನ ಓಣಿಯಲ್ಲೇ ಅವರ ಮನೆ. ಒಂದು ಕೋಣೆ, ಒಂದು ಅಡುಗೆಮನೆ, ಮೂರು ತಲೆಮಾರಿನ ಮೂವರು ಹೆಂಗಸರು. ಅಜ್ಜಿಗೆ ಐವತ್ತರ ಆಸುಪಾಸು. ಇನ್ನೂ ಗಟ್ಟಿಮುಟ್ಟು, ಬಾಯಿಯಂತೂ ಇನ್ನೂ ಗಟ್ಟಿ. ಪುಟ್ಟಿ ಹದಿನೇಳರ ಹುಡುಗಿ, ಕಾಲೇಜಿಗೆ ಹೋಗುತ್ತಿದ್ದಳು. ತೆಳ್ಳಗೆ, ಕಡ್ಡಿಯ ಹಾಗೆ. ಓದುವುದಕ್ಕಿಂತ ಓದಿದ್ದನ್ನು ಅಜ್ಜಿಗೆ ನಟಿಸಿ ತೋರಿಸುವುದರಲ್ಲಿ ಹೆಚ್ಚು ಹುಷಾರಿ.

ಒಂದು ಮಧ್ಯಾಹ್ನ ಕಾಲೇಜಿನಿಂದ ಫೋನು ಬಂತು. ಪುಟ್ಟಿ ಮೆಟ್ಟಿಲ ಮೇಲೆ ತಲೆ ಸುತ್ತಿ ಬಿದ್ದಿದ್ದಳು. ತೊಟ್ಟಿಯಕ್ಕ ರಬ್ಬರ್ ಬೂಟಿನಲ್ಲೇ ಓಡಿದಳು. ಅಲ್ಲಿನ ಮೇಡಂ ಅವಳನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಹೇಳಿದರು: "ಮನೇಲಿ ಮಾತಾಡಿ ನೋಡಿ. ಬಸುರಿ ಅನ್ಸುತ್ತೆ. ಐದು ತಿಂಗಳಾದ್ರೂ ಆಗಿರಬೇಕು."

ತಾಯಿ ಮಗಳ ಬ್ಯಾಗನ್ನು ಹೆಗಲಿಗೇರಿಸಿ, ಅವಳ ತೋಳು ಹಿಡಿದು ಮನೆಯ ಕಡೆ ನಡೆಸಿದಳು. ಐದು ತಿಂಗಳು! ಮನೆಯಲ್ಲಿ ತಿಂಗಳ ಬಟ್ಟೆ ಕಾಣಿಸದೆ ಐದು ತಿಂಗಳಾಗಿತ್ತು, ಅದು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ತನ್ನ ಬಟ್ಟೆಗಳನ್ನು ಮಗಳ ಕಣ್ಣಿಂದ ಮರೆಸುವುದರಲ್ಲೇ ಮುಳುಗಿದ್ದವಳು, ಮಗಳು ಏನು ಮರೆಸುತ್ತಿದ್ದಾಳೆಂದು ನೋಡಿರಲಿಲ್ಲ.

ಹುಡುಗ ಅದೇ ತರಗತಿಯವನು, ಟೈರ್ ಅಂಗಡಿಯವರ ಮಗ. ವಿಷಯ ತಿಳಿದ ಮರುದಿನವೇ ಅವನಪ್ಪ ಅವನನ್ನು ದೂರದ ಊರಿನ ಚಿಕ್ಕಪ್ಪನ ಮನೆಗೆ ಸಾಗಹಾಕಿದ. ಇವರ ಮನೆಯ ಬಾಗಿಲಲ್ಲೇ ನಿಂತು, "ನಮ್ಮ ಹುಡುಗ ಅಲ್ಲ" ಎಂದು ಕಡ್ಡಿ ಮುರಿದಂತೆ ಹೇಳಿ ಹೋದ. ಹೇಳುವಾಗ ಅವನ ಕಣ್ಣು ನೆಲ ನೋಡುತ್ತಿತ್ತು.

ಮೊದಲ ದಿನ ತಾಯಿ ಕೂಗಾಡಿದಳು. ಎರಡನೆಯ ದಿನ ಅತ್ತಳು. ಪುಟ್ಟಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಆಮೇಲೆ ಮಾತಾಡಿದವಳು ಅಜ್ಜಿ ಒಬ್ಬಳೇ.

"ಅತ್ತು ಏನು ಬಂತು? ನನ್ನ ಅಕ್ಕನ ಮನೆ ಇದೆ, ಊರಾಚೆ. ಅಲ್ಲಿಗೆ ಕರ್ಕೊಂಡು ಹೋಗ್ತೀನಿ. ನಾಕು ತಿಂಗಳು ಕಣ್ಣು ಮುಚ್ಚಿದ್ರೆ ಆಯ್ತು. ಅಲ್ಲೇ ಹೆರಿಗೆ ಮಾಡಿಸ್ಕೊಂಡು ಬರ್ತೀನಿ. ಯಾರ ಕಣ್ಣಿಗೂ ಬೀಳಲ್ಲ."

"ಆಸ್ಪತ್ರೆ?" ತಾಯಿ ಕೇಳಿದಳು.

"ಆಸ್ಪತ್ರೆಗೆ ಹೋದ್ರೆ ವಯಸ್ಸು ಕೇಳ್ತಾರೆ, ಗಂಡ ಯಾರು ಅಂತಾರೆ, ಹತ್ತು ಜನ ಮುಖ ನೋಡ್ತಾರೆ. ನಾವೆಲ್ಲ ಆಸ್ಪತ್ರೆಲೇ ಹೆತ್ವಾ? ನಾನು ನಿನ್ನನ್ನ ಹೆತ್ತಾಗ ನಂಗೂ ಹದಿನೇಳೇ."

"ನಾನು ಅಜ್ಜಿ ಜೊತೆ ಹೋಗ್ತೀನಿ" ಎಂದಳು ಪುಟ್ಟಿ, ಗೋಡೆಯ ಕಡೆಯಿಂದಲೇ. "ಆಸ್ಪತ್ರೆ ಬೇಡ. ಎಲ್ಲರೂ ನೋಡ್ತಾರೆ."

ತಾಯಿ ತನ್ನ ತಾಯಿಯ ಮುಖವನ್ನು ದಿಟ್ಟಿಸಿದಳು. ಅಜ್ಜಿ ಪಾತ್ರೆಗಳನ್ನು ಎತ್ತಿಟ್ಟು ಒಳಗೆ ಹೋದಳು.

ಆ ವಾರ ತೊಟ್ಟಿಯಕ್ಕನಿಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಬಿಳಿ ಬಟ್ಟೆಯ ತೊಟ್ಟಿಗೆ ಕೆಂಪು ಪರದೆ ಹಾಕಿ ಇಡೀ ಲಾಡ್ಜಿನ ಹಾಸುಗಳನ್ನು ಗುಲಾಬಿ ಮಾಡಿಟ್ಟಳು. "ಮೀನಿಗೆ ಏನೋ ಆಗಿದೆ" ಎಂದ ಇಸ್ತ್ರಿ ಮಾಮ, ಈ ಸಲ ನಗದೆ. ಅವಳ ಕಣ್ಣ ಮುಂದೆ ಮಗಳ ಸೊಂಟವೇ ಬರುತ್ತಿತ್ತು. ತನ್ನದೂ ಆಗ ಅಷ್ಟೇ ಇತ್ತು, ಎರಡು ಕೈಯಲ್ಲಿ ಹಿಡಿಯಬಹುದಾದಷ್ಟು.

ಭಾನುವಾರ ಲಾಂಡ್ರಿಗೆ ರಜೆ. ಬೀಗದ ಕೈ ಅವಳ ಬಳಿ ಇರುತ್ತಿತ್ತು. "ಬಾ, ಸ್ವಲ್ಪ ಕೆಲಸ ಇದೆ" ಎಂದು ಮಗಳನ್ನು ಎಬ್ಬಿಸಿ ಕರೆದುಕೊಂಡು ಹೋದಳು. ಯಂತ್ರಗಳು ನಿಂತಿದ್ದವು. ತಗಡಿನ ಸಂದಿಯಿಂದ ಬಿಸಿಲು ತೊಟ್ಟಿಗಳ ಅಂಚಿಗೆ ಬಿದ್ದಿತ್ತು. ಮೂಲೆಯಲ್ಲಿ, ಬ್ಲೀಚಿನ ಡಬ್ಬಗಳ ಹಿಂದೆ, ಒಂದು ಮೋಟು ಹಗ್ಗದ ತುಂಬ ಹರಿದ ಟವೆಲ್ ಚೂರುಗಳು ಒಣಗುತ್ತಿದ್ದವು.

"ಇವೆಲ್ಲ ಏನು ಗೊತ್ತಾ?" ತಾಯಿ ಕೇಳಿದಳು.

"ಒರೆಸೋ ಬಟ್ಟೆ."

"ನಂದು. ನಾನು ಕಟ್ಕೊಳ್ಳೋದು. ದಿನಾ. ನೀನು ಹುಟ್ಟಿದ ಲಾಗಾಯ್ತು."

ಪುಟ್ಟಿಗೆ ಅರ್ಥವಾಗಲಿಲ್ಲ. ತಾಯಿ ತೊಟ್ಟಿಯ ಕಟ್ಟೆಗೆ ಒರಗಿ, ಮಗಳ ಮುಖ ನೋಡದೆ, ನೆಲಕ್ಕೆ ಹೇಳಿದ ಹಾಗೆ ಹೇಳಿದಳು. ನೋವು ಶುರುವಾದದ್ದು ಒಂದು ದಿನ, ಮಗು ಹೊರಗೆ ಬಂದದ್ದು ಮೂರನೆಯ ದಿನ. ತಲೆ ಅಲ್ಲೇ ಸಿಕ್ಕಿಕೊಂಡಿತ್ತು. ದಾರಿ ಸಾಲದು, ಹುಡುಗಿ ಇನ್ನೂ ಬೆಳೆದಿಲ್ಲ ಎಂದು ಸೂಲಗಿತ್ತಿ ಹೇಳಿದ್ದಳು. ಗಾಡಿ ಮಾಡಿ ಕರೆದುಕೊಂಡು ಹೋಗಿ ಎಂದೂ ಹೇಳಿದ್ದಳು. ಇವತ್ತು ಆಗಿಬಿಡುತ್ತೆ, ನಾಳೆ ಆಗಿಬಿಡುತ್ತೆ ಎಂದು ಮನೆಯವರು ತಡೆದರು. ಮಗು ಹೇಗೋ ಉಸಿರಾಡಿತು. ವಾರ ಕಳೆದ ಮೇಲೆ ಹಾಸಿಗೆ ಒದ್ದೆಯಾಗತೊಡಗಿತು. ಅವತ್ತಿನಿಂದ ನಿಂತಿಲ್ಲ.

"ಅದಕ್ಕೇನಾ ನೀನು ನನ್ನ ಪಕ್ಕ ಮಲಗ್ತಾ ಇರ್ಲಿಲ್ಲ?" ಪುಟ್ಟಿ ಕೇಳಿದಳು.

"ಹೂಂ."

"ನನ್ನ ಗೊರಕೆಗೆ ಅಂದಿದ್ಯಲ್ಲ ನೀನು. ನಂಗೆ ಗೊರಕೆ ಅಂತ ಅಜ್ಜಿನೂ ಅಂದ್ಳು."

"ನಿಂಗೆ ಗೊರಕೆ ಇಲ್ಲ."

ಪುಟ್ಟಿ ಹಗ್ಗದ ಮೇಲಿನ ಚೂರೊಂದನ್ನು ಮುಟ್ಟಿ ಕೈ ಹಿಂತೆಗೆದುಕೊಂಡಳು. ಚಿಕ್ಕವಳಿದ್ದಾಗಿನ ಶಾಲೆಯ ಆಟವಿರಲಿ, ಈಗಿನ ಕಾಲೇಜಿನ ನಾಟಕವಿರಲಿ, ಅಮ್ಮ ಯಾವತ್ತೂ ಬಂದು ಕೂತು ನೋಡಿರಲಿಲ್ಲ. ಹಿಂದೆ ಬಾಗಿಲ ಹತ್ತಿರ ನಿಂತು ಹೊರಟುಬಿಡುತ್ತಿದ್ದಳು. ಅಮ್ಮನಿಗೆ ತನ್ನ ಮೇಲೆ ಅಷ್ಟಕ್ಕಷ್ಟೇ ಎಂದು ಅವಳು ಅಂದುಕೊಂಡಿದ್ದಳು.

"ಅಂದ್ರೆ ನನ್ನಿಂದ ಆಗಿದ್ದು."

"ಅದಕ್ಕೇ ಹೇಳಿರ್ಲಿಲ್ಲ. ನೀನು ಹಿಂಗೆ ಅಂತೀಯಾ ಅಂತಾನೇ." ತಾಯಿ ಮಗಳ ಗಲ್ಲ ಹಿಡಿದು ಎತ್ತಿದಳು. "ನಿನ್ನಿಂದ ಅಲ್ಲ ಕಣೆ. ನಂಗೆ ವಯಸ್ಸು ಸಾಲ್ತಿರ್ಲಿಲ್ಲ, ಸಮಯಕ್ಕೆ ಯಾರೂ ಕರ್ಕೊಂಡು ಹೋಗ್ಲಿಲ್ಲ. ಅಷ್ಟೇ. ನಂಗೆ ನಿನ್ನ ಮೇಲೆ ಸಿಟ್ಟಿದೆ, ಇಲ್ಲ ಅನ್ನಲ್ಲ. ಸಿಟ್ಟು ಆಮೇಲೆ ನೋಡ್ಕೊಳ್ಳೋಣ. ಊರಾಚೆ ಮನೆಗೆ ಮಾತ್ರ ನಿನ್ನ ಕಳಿಸಲ್ಲ. ಜನ ನೋಡ್ತಾರೆ ಅಂದ್ಯಲ್ಲ, ನೋಡ್ಲಿ. ನೋಡಿ ನೋಡಿ ಅವರ ಕಣ್ಣೇ ನೋಯುತ್ತೆ."

ಪುಟ್ಟಿ ಅಳುತ್ತಲೇ ನಕ್ಕಳು. ಆಮೇಲೆ ಮೂಗು ಒರೆಸಿಕೊಂಡು, "ನಾನು ಬರ್ಬೇಕು ಅಂದ್ರೆ ನೀನೂ ತೋರಿಸ್ಕೋಬೇಕು" ಎಂದಳು.

"ನಂದೇನೇ ತೋರ್ಸೋದು, ಹಳೇ ಕಥೆ."

"ಹಂಗಾದ್ರೆ ನಾನೂ ಬರಲ್ಲ."

ಸರಕಾರಿ ಆಸ್ಪತ್ರೆಯ ಹೆರಿಗೆ ವಿಭಾಗದ ಉದ್ದನೆಯ ಬೆಂಚಿನ ಮೇಲೆ ತಾಯಿ ಕೂರಲಿಲ್ಲ, ಗೋಡೆಗೆ ಒರಗಿ ನಿಂತಳು. ನರ್ಸಕ್ಕ ಪುಟ್ಟಿಯನ್ನು ಕೂಗಿ, ಅವಳ ಹಿಂದೆ ಬಂದವಳನ್ನು ನೋಡಿ, "ಅಕ್ಕ ಬಂದ್ರೆ ಸಾಲದು, ಅಮ್ಮನ್ನ ಕರೀರಿ" ಎಂದಳು.

"ನಾನೇ ಅಮ್ಮ."

ನರ್ಸಕ್ಕ ಇಬ್ಬರನ್ನೂ ಒಮ್ಮೆ ನೋಡಿ, ಮತ್ತೇನೂ ಕೇಳದೆ ಬಾಗಿಲು ತೆರೆದಳು.

ಡಾಕ್ಟರಮ್ಮ ಕನ್ನಡಕ ಹಾಕಿದ, ದಣಿದ ಕಣ್ಣಿನ ಹೆಂಗಸು. ಬೈಯುತ್ತಾರೆಂದು ಪುಟ್ಟಿ ಹಲ್ಲು ಕಚ್ಚಿ ಕೂತಿದ್ದಳು. ಅವರು ಬೈಯಲಿಲ್ಲ. ಊಟದಲ್ಲಿ ಏನು ತಿನ್ನುತ್ತೀಯ, ನಿದ್ದೆ ಬರುತ್ತಾ, ಕಾಲು ಊದುತ್ತಾ ಎಂದು ಕೇಳಿದರು. ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. ಮಗುವಿನ ಎದೆಬಡಿತ ಕೇಳಿಸುವ ಯಂತ್ರವನ್ನು ಹೊಟ್ಟೆಗೆ ಒತ್ತಿದಾಗ ಕುದುರೆ ಓಡಿದಂತೆ ಸದ್ದು ಬಂತು. ಪುಟ್ಟಿ ಅಲ್ಲಿಯವರೆಗೆ ಅದನ್ನೊಂದು ತಪ್ಪು ಎಂದೇ ಹೊತ್ತು ತಿರುಗುತ್ತಿದ್ದಳು. ಸದ್ದು ಕೇಳಿದ ಮೇಲೆ ತಾಯಿಯ ಕೈ ಹಿಡಿದುಕೊಂಡಳು.

"ರಕ್ತ ತುಂಬಾ ಕಡಿಮೆ ಇದೆ" ಎಂದರು ಡಾಕ್ಟರಮ್ಮ. "ನೀನೇ ಇನ್ನೂ ಬೆಳೀತಾ ಇದೀಯ. ನಿನ್ನ ಮೈಗೂ ಬೇಕು, ಮಗೂಗೂ ಬೇಕು, ಇಬ್ಬರೂ ಒಂದೇ ತಟ್ಟೆಗೆ ಕೈ ಹಾಕಿದ ಹಾಗೆ. ಕಬ್ಬಿಣದ ಮಾತ್ರೆ ಕೊಡ್ತೀನಿ, ವಾಕರಿಕೆ ಬಂದ್ರೂ ಬಿಡಬೇಡ. ನಿನ್ನ ವಯಸ್ಸಲ್ಲಿ ಬಿಪಿ ಏರೋದು ಜಾಸ್ತಿ, ಮಗು ದಿನ ತುಂಬೋ ಮೊದಲೇ ಬರೋದು ಜಾಸ್ತಿ, ತೂಕ ಕಡಿಮೆ ಇರೋದೂ ಜಾಸ್ತಿ. ಹೆದರ್ಸೋದಕ್ಕೆ ಹೇಳ್ತಿಲ್ಲ. ಮೊದಲೇ ಗೊತ್ತಿದ್ರೆ ನಾವು ಏನಾದ್ರೂ ಮಾಡಬಹುದು." ಆಮೇಲೆ ತಾಯಿಯ ಕಡೆ ತಿರುಗಿ, "ತಲೆ ಸಿಡೀತಿದೆ ಅಂದ್ರೆ, ಕಣ್ಣು ಮಂಜಾಗ್ತಿದೆ ಅಂದ್ರೆ, ಮುಖ ಕೈ ಊದಿದ್ರೆ, ಗಡಿಯಾರ ನೋಡಬೇಡಿ. ತಕ್ಷಣ ಕರ್ಕೊಂಡು ಬನ್ನಿ" ಎಂದರು.

ತಾಯಿ ತಲೆಯಾಡಿಸಿ ಎದ್ದಳು. ಪುಟ್ಟಿ ಏಳಲಿಲ್ಲ.

"ಡಾಕ್ಟ್ರೇ, ಅಮ್ಮಂಗೆ ಒಂದು ತೊಂದ್ರೆ ಇದೆ."

"ಸುಮ್ನಿರೇ."

"ನನ್ನನ್ನ ಹೆತ್ತಾಗಿಂದ ಅವಳಿಗೆ ಒಂದಾ ನಿಲ್ಲಲ್ಲ. ಸೋರುತ್ತೆ." ಒಂದೇ ಉಸಿರಿಗೆ ಹೇಳಿ ಮುಗಿಸಿದಳು ಪುಟ್ಟಿ.

ತಾಯಿಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, ಬಾಗಿಲ ಚಿಲಕ ಹಾಕಿ ಬಂದರು. ಪರೀಕ್ಷೆ ಬಹಳ ಹೊತ್ತು ಹಿಡಿಯಲಿಲ್ಲ.

"ಚಿಕ್ಕ ರಂಧ್ರ" ಎಂದರು ಕೈ ತೊಳೆಯುತ್ತಾ. "ಮಗುವಿನ ತಲೆ ದಿನಗಟ್ಟಲೆ ಒಂದೇ ಕಡೆ ಒತ್ತಿದ್ರೆ ಅಲ್ಲಿಗೆ ರಕ್ತ ಹೋಗಲ್ಲ, ಆ ಜಾಗ ಕೊಳೆತು ತೂತಾಗುತ್ತೆ. ಮೂತ್ರದ ಚೀಲದಿಂದ ನೇರ ಈ ಕಡೆಗೆ ಬರುತ್ತೆ. ಹಾಗೆ ಸಿಕ್ಕಿಕೊಂಡ ಮಕ್ಕಳು ಉಳಿಯೋದೇ ಅಪರೂಪ." ಪುಟ್ಟಿಯನ್ನು ನೋಡಿದರು. "ಇವಳು ಗಟ್ಟಿ ಪಿಂಡ. ಹೊಲಿದು ಮುಚ್ಚಬಹುದು. ಆಪರೇಷನ್ ಇದೆ."

"ಇದೆಯಾ?" ಎಂದಳು ತಾಯಿ.

"ಇದೆ. ಆವಾಗ್ಲೂ ಇತ್ತು."

ತಾಯಿ ಬಟ್ಟೆ ಸರಿಮಾಡಿಕೊಳ್ಳುತ್ತಾ ಇದ್ದಳು. ಸರಿಯಾದ ಮೇಲೂ ಸರಿಮಾಡಿಕೊಳ್ಳುತ್ತಲೇ ಇದ್ದಳು. ಕೊನೆಗೆ, "ಮೊದಲು ಇವಳದು ಮುಗೀಲಿ" ಎಂದಳು.

ಮನೆಗೆ ಬಂದು ಅದನ್ನು ಹೇಳಿದಾಗ ಅಜ್ಜಿ ನಂಬಲಿಲ್ಲ. "ಅದಕ್ಕೆಲ್ಲ ಆಪರೇಷನ್ ಇದ್ದಿದ್ರೆ ನಮಗೆ ಗೊತ್ತಾಗ್ತಿರ್ಲಿಲ್ವಾ?" ಎಂದಳು. ಊಟಕ್ಕೆ ಕೂತವಳು ತಿನ್ನದೆ ಎದ್ದಳು. ಮರುದಿನದಿಂದ ಊರಾಚೆ ಮನೆಯ ಸುದ್ದಿ ಎತ್ತಲಿಲ್ಲ. ಪುಟ್ಟಿ ಮಾತ್ರೆ ನುಂಗುವವರೆಗೆ ಎದುರಿಗೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲತೊಡಗಿದಳು. "ಬಾಯಿ ತೆಗಿ, ನಾಲಿಗೆ ಕೆಳಗೆ ಇಟ್ಕೊಂಡಿದೀಯಾ ನೋಡ್ತೀನಿ" ಎಂದು ಪೊಲೀಸಿನವಳ ಹಾಗೆ ಪರೀಕ್ಷಿಸುತ್ತಿದ್ದಳು. ಕೆಲಸಕ್ಕೆ ಹೊರಡುವ ಮುನ್ನ ತಾಯಿ ದಿನವೂ ಅದನ್ನೇ ಹೇಳುತ್ತಿದ್ದಳು: ತಲೆನೋವು, ಕಣ್ಣು ಮಂಜು, ಊತ. "ನಂಗೇನು ಕಿವುಡಾ? ನಿನ್ನೇನೂ ಹೇಳ್ದೆ, ಮೊನ್ನೇನೂ ಹೇಳ್ದೆ" ಎಂದು ಅಜ್ಜಿ ಮೂಗು ಮುರಿಯುತ್ತಿದ್ದಳು.

ಏಳನೆಯ ತಿಂಗಳಲ್ಲಿ ರಕ್ತದೊತ್ತಡ ಏರಿತು. ಡಾಕ್ಟರಮ್ಮ ಮಾತ್ರೆ ಕೊಟ್ಟು, ವಾರಕ್ಕೊಮ್ಮೆ ಬರಲು ಹೇಳಿದರು. ಎಂಟರಲ್ಲಿ ಒಂದು ಬೆಳಿಗ್ಗೆ ತಾಯಿ ಲಾಂಡ್ರಿಗೆ ಹೋದ ಮೇಲೆ ಪುಟ್ಟಿ ಪುಸ್ತಕ ಹಿಡಿದು ಕಿಟಕಿಯ ಹತ್ತಿರ ಕೂತಿದ್ದಳು. ಅಜ್ಜಿ ಒಲೆಯ ಮುಂದೆ ಇದ್ದಳು.

"ಅಜ್ಜಿ, ಅಕ್ಷರ ಎಲ್ಲ ಈಜಾಡ್ತಿದೆ."

"ಓದೋಕೆ ಮನಸ್ಸಿಲ್ಲ ಅನ್ನು."

"ಇಲ್ಲ ಅಜ್ಜಿ. ತಲೆನೂ ಒಡೆದು ಹೋಗ್ತಿದೆ. ನಿನ್ನೆ ಸಂಜೆಯಿಂದ."

ಅಜ್ಜಿ ತಿರುಗಿ ನೋಡಿದಳು. ಕಿಟಕಿಯ ಬೆಳಕಿನಲ್ಲಿ ಮೊಮ್ಮಗಳ ಮುಖ ಬೇರೆ ಯಾರದೋ ಮುಖದಂತಿತ್ತು. ರೆಪ್ಪೆ ಊದಿ ಕಣ್ಣು ಎರಡು ಗೀರಾಗಿದ್ದವು. ಒಲೆ ಆರಿಸಲಿಲ್ಲ, ಚಪ್ಪಲಿ ಮೆಟ್ಟಲಿಲ್ಲ. ಓಣಿಯ ಉದ್ದಕ್ಕೂ ಬರಿಗಾಲಲ್ಲಿ ಓಡಿ, ಲಾಂಡ್ರಿಯ ಮುಂಬಾಗಿಲಿನಿಂದಲೇ ನುಗ್ಗಿ, ಯಂತ್ರಗಳ ಸದ್ದಿಗಿಂತ ಜೋರಾಗಿ ಕೂಗಿದಳು:

"ಮೂರೂ ಬಂದಿದೆ ಕಣೇ! ನೀನು ಹೇಳ್ತಿದ್ಯಲ್ಲ, ಮೂರೂ!"

ಬಟ್ಟೆ ಸಾಗಿಸುವ ವ್ಯಾನು ಬಾಗಿಲಲ್ಲೇ ನಿಂತಿತ್ತು, ಹೋಟೆಲಿಗೆ ಹೊರಡಲು ತುಂಬಿತ್ತು. ಇಸ್ತ್ರಿ ಮಾಮ ಯಾರನ್ನೂ ಕೇಳಲಿಲ್ಲ. ಅರ್ಧ ಗಂಟುಗಳನ್ನು ಎತ್ತಿ ಹೊರಗೆಸೆದು ಜಾಗ ಮಾಡಿದ. ಪುಟ್ಟಿಯನ್ನು ಒಗೆದ ಬಿಳಿ ಹಾಸುಗಳ ಮೇಲೆ ಮಲಗಿಸಿದರು. ಅವಳು ಅಮ್ಮನ ಮುಖ ನೋಡುತ್ತಲೇ ಇದ್ದಳು. ದೊಡ್ಡ ರಸ್ತೆಗೆ ತಿರುಗುವಷ್ಟರಲ್ಲಿ ಕಣ್ಣುಗುಡ್ಡೆ ಮೇಲೆ ಸರಿಯಿತು, ಕೈಕಾಲು ಸೆಟೆದು ಅದುರತೊಡಗಿದವು. ಅಜ್ಜಿ ಚೀರಿದಳು. ತಾಯಿ ಮಗಳನ್ನು ಎಡಮಗ್ಗುಲಿಗೆ ತಿರುಗಿಸಿ, ತಲೆ ಪೆಟ್ಟಾಗದಂತೆ ಎರಡು ಕೈಯಲ್ಲಿ ಹಿಡಿದು, "ಇಲ್ಲೇ ಇದೀನಿ, ಇಲ್ಲೇ ಇದೀನಿ" ಎನ್ನುತ್ತಲೇ ಇದ್ದಳು.

ಆಸ್ಪತ್ರೆಯವರು ಬಾಗಿಲಲ್ಲೇ ಎತ್ತಿಕೊಂಡರು. ಸೂಜಿ ಚುಚ್ಚಿದರು, ಸೆಳೆತ ನಿಲ್ಲಿಸುವ ಔಷಧಿ ರಕ್ತಕ್ಕೆ ಇಳಿಯಿತು. ಡಾಕ್ಟರಮ್ಮ ಹೊರಗೆ ಬಂದು, "ಮಗು ಹೊರಗೆ ಬರದೆ ಇದು ಪೂರ್ತಿ ಇಳಿಯಲ್ಲ. ಈಗಲೇ ಆಪರೇಷನ್ ಮಾಡ್ಬೇಕು. ಸಮಯಕ್ಕೆ ತಂದಿದೀರಿ" ಎಂದು ಹೇಳಿ ಒಳಗೆ ಹೋದರು.

ಹೊರಗೆ ಕಾಯುತ್ತಿರುವಾಗ ಅಜ್ಜಿಯ ಹಿಮ್ಮಡಿಯಿಂದ ರಕ್ತ ಒಸರುತ್ತಿತ್ತು, ಗಾಜು ತುಳಿದಿದ್ದಳು. ತಾಯಿ ಬಗ್ಗಿ ನೋಡಹೋದರೆ ಅಜ್ಜಿ ಕಾಲು ಎಳೆದುಕೊಂಡಳು.

"ಅವತ್ತೂ ಗಾಡಿ ಇತ್ತು" ಎಂದಳು ಅಜ್ಜಿ. "ಎದುರು ಮನೇಲೇ ಇತ್ತು. ನಾನು ಕೇಳೋಕೆ ಹೋಗ್ಲಿಲ್ಲ. ಜನ ಏನಂತಾರೋ ಅಂತ."

ತಾಯಿ ಕಾಲನ್ನು ಮತ್ತೆ ತನ್ನ ಕಡೆ ಎಳೆದುಕೊಂಡು, ಏಪ್ರನ್ನಿನ ಅಂಚಿನಿಂದ ರಕ್ತ ಒರೆಸಿ, ಗಾಜಿನ ಚೂರು ಹುಡುಕಿ ತೆಗೆದಳು.

ಹೆಣ್ಣು ಮಗು. ಒಂದೂವರೆ ಕಿಲೋ ಮುಟ್ಟಿರಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ, ಮೂಗಿಗೆ ನಳಿಕೆ ಹಾಕಿಕೊಂಡು, ಗುಬ್ಬಿಮರಿಯ ಹಾಗೆ ಎದೆ ಬಡಿದುಕೊಳ್ಳುತ್ತಾ ಮಲಗಿತ್ತು. ಪುಟ್ಟಿಗೆ ಮಾರನೆಯ ದಿನ ಸರಿಯಾಗಿ ಎಚ್ಚರವಾಯಿತು. ಹೊಟ್ಟೆ ಮುಟ್ಟಿ ನೋಡಿಕೊಂಡು, "ಎಲ್ಲಿ?" ಎಂದಳು. ಇದೆ ಎಂದರು. ನಂಬಲಿಲ್ಲ. ಅಜ್ಜಿ ಗಾಜಿನ ಕೋಣೆಯ ಬಾಗಿಲಿಗೂ ಮೊಮ್ಮಗಳ ಮಂಚಕ್ಕೂ ಓಡಾಡಿ, "ಆಕಳಿಸ್ತು", "ಕಾಲು ಝಾಡಿಸ್ತು", "ನಿನ್ನ ಹಾಗೇ ಗಂಟು ಮುಖ ಹಾಕಿದೆ" ಎಂದು ಸುದ್ದಿ ತಂದು ಸುರಿದಳು. ಆಮೇಲೆ ನಂಬಿದಳು.

ಉಸಿರಾಟ ಸುಧಾರಿಸಿದ ಮೇಲೆ ನರ್ಸಕ್ಕ ಬಂದು, ಮಗುವನ್ನು ಎದೆಗೆ ಕಟ್ಟಿಕೊಳ್ಳಬೇಕು ಎಂದಳು. ಬರಿಮೈಗೆ ಬರಿಮೈ. ಮೈಕಾವು ತಾಗಿದರೆ ಇಂಥ ಮಕ್ಕಳು ಬೇಗ ತೂಕ ಹಿಡಿಯುತ್ತವೆ. "ಕಾಂಗರೂ ಗೊತ್ತಲ್ಲ, ಹಾಗೆ." ಪುಟ್ಟಿಗೆ ಇನ್ನೂ ಕೂರುವ ಶಕ್ತಿ ಇರಲಿಲ್ಲ, ರಕ್ತದೊತ್ತಡವೂ ಇಳಿದಿರಲಿಲ್ಲ. ಮನೆಯವರು ಯಾರಾದರೂ ಆಗಬಹುದು. ಅಜ್ಜಿ ಮೊದಲು ಕೂತಳು. "ಐವತ್ತಕ್ಕೆ ಮುತ್ತಜ್ಜಿ ಆದೆ, ಅದು ಸಾಲದು ಅಂತ ಕಾಂಗರೂ ಬೇರೆ ಆದೆ" ಎಂದು ವಾರ್ಡನ್ನೆಲ್ಲ ನಗಿಸಿದಳು. ಆದರೆ ಅವಳ ಕಾಲಿನ ಗಾಯ ಕೀವಾಗಿ ಜ್ವರ ಬಂತು. ಜ್ವರ ಬಂದವರು ಮಗುವಿನ ಹತ್ತಿರ ಬರಬಾರದು ಎಂದರು.

"ನೀವು ಕೂರಿ" ಎಂದಳು ನರ್ಸಕ್ಕ ತಾಯಿಗೆ.

"ನಾನು ಬೇಡ."

"ಯಾಕೆ?"

"ನಾನು... ನನ್ನ ಮೈ ಶುದ್ಧ ಇರಲ್ಲ. ಬೇಡ."

ನರ್ಸಕ್ಕ ಅವಳ ಬಿರಿದ ಕೈಗಳನ್ನು ನೋಡಿದಳು. "ಸ್ನಾನ ಮಾಡಿದೀರಾ? ಒಣ ಬಟ್ಟೆ ಇದೆಯಾ? ಅಷ್ಟು ಸಾಕು. ಅದು ಎದೆ ಕೇಳ್ತಿದೆ, ಇನ್ನೇನೂ ಕೇಳ್ತಿಲ್ಲ." ಎಂದವಳೇ ಕುರ್ಚಿಗೆ ದಪ್ಪ ಟವೆಲ್ ಹಾಸಿ, ಅವಳನ್ನು ಕೂರಿಸಿ, ಮಗುವನ್ನು ಎದೆಯ ನಡುವೆ ಇಟ್ಟು ಬಟ್ಟೆ ಸುತ್ತಿದಳು.

ಎಷ್ಟು ಹಗುರ! ಒದ್ದೆ ಟವೆಲ್ಲೂ ಇದಕ್ಕಿಂತ ಭಾರ. ಮಗುವಿನ ಕಿವಿ ಅವಳ ಎದೆಬಡಿತದ ಮೇಲೆ ಒರಗಿತು, ಬೆರಳುಗಳು ಬಿಚ್ಚಿಕೊಂಡವು. ಪುಟ್ಟಿ ಹುಟ್ಟಿದಾಗ ಅವಳಿಗೆ ಮಗುವನ್ನು ಹೀಗೆ ಹಿಡಿದುಕೊಳ್ಳಲು ಆಗಿರಲಿಲ್ಲ. ಮೊದಲು ತ್ರಾಣವಿರಲಿಲ್ಲ, ಆಮೇಲೆ ವಾಸನೆಯ ಭಯ. ಸ್ವಲ್ಪ ಹೊತ್ತಿಗೆ ಹೊಟ್ಟೆಯ ಮೇಲೆ ಬೆಚ್ಚಗೆ ಏನೋ ಹರಿಯಿತು. ಅವಳು ಬೆಚ್ಚಿಬಿದ್ದಳು.

"ನರ್ಸಮ್ಮ, ಎತ್ಕೊಳ್ಳಿ, ಬೇಗ ಎತ್ಕೊಳ್ಳಿ! ನಾನು ಹೇಳಿದ್ನಲ್ಲ..."

ನರ್ಸಕ್ಕ ಬಟ್ಟೆ ಸರಿಸಿ ನೋಡಿ ನಕ್ಕಳು. "ಇದು ನಿಮ್ಮದಲ್ಲ ಕಣಮ್ಮ. ಮಗೂದು. ಒಳ್ಳೇದು, ಮೂತ್ರ ಚೆನ್ನಾಗಿ ಹೋಗ್ತಿದೆ ಅಂದ್ರೆ ಹಾಲು ಸಾಕಾಗ್ತಿದೆ ಅಂತ."

ಪಕ್ಕದ ಮಂಚದಿಂದ ಪುಟ್ಟಿಯೂ ನಕ್ಕಳು. ನಕ್ಕರೆ ಹೊಲಿಗೆ ಎಳೆಯುತ್ತಿತ್ತು. "ನಗಿಸ್ಬೇಡ್ರಪ್ಪ" ಎನ್ನುತ್ತಾ ಮತ್ತೂ ನಕ್ಕಳು. ತಾಯಿ ಮಾತ್ರ ನಗಲಿಲ್ಲ. ಮಗುವಿನ ತಲೆಯ ಮೇಲೆ ಗಲ್ಲವಿಟ್ಟು, ಯಾರಿಗೂ ಕಾಣದಂತೆ ಅತ್ತಳು.

ಮಗು ಮನೆಗೆ ಬರಲು ಒಂದು ತಿಂಗಳ ಮೇಲಾಯಿತು. ಅಷ್ಟರಲ್ಲಿ ಒಮ್ಮೆ ಹಳದಿ ತಿರುಗಿತು, ಒಮ್ಮೆ ಉಸಿರು ಮರೆತು ಎಲ್ಲರ ಜೀವ ಬಾಯಿಗೆ ಬಂತು. ಪುಟ್ಟಿ ಹಾಲು ಹಿಂಡಿ ಚಮಚದಲ್ಲಿ ಕುಡಿಸುವುದನ್ನು ಕಲಿತಳು. ಅವಳ ಹಾಲು ಕಡಿಮೆಯಾದ ದಿನ ತಾನೇ ಮಗುವಿನಂತೆ ಅಳುತ್ತಿದ್ದಳು. ಟೈರ್ ಅಂಗಡಿಯವನ ಹೆಂಡತಿ ಒಂದು ದಿನ ಒಬ್ಬಳೇ ಬಂದು, ಉಣ್ಣೆಯ ಟೋಪಿಯೊಂದನ್ನು ಮಂಚದ ತುದಿಗಿಟ್ಟು, ಮಗುವಿನ ಮುಖವನ್ನು ಬಹಳ ಹೊತ್ತು ನೋಡಿ ಹೋದಳು. ಅಜ್ಜಿ ಅದನ್ನು ಎಸೆಯಹೊರಟರೆ ಪುಟ್ಟಿ ಬಿಡಲಿಲ್ಲ. "ಟೋಪಿ ಏನು ತಪ್ಪು ಮಾಡಿದೆ?" ಎಂದಳು.

ಮಗು ಮೂರು ಕಿಲೋ ದಾಟಿದ ಮೇಲೆ ತಾಯಿಯ ಸರದಿ ಬಂತು. ಡಾಕ್ಟರಮ್ಮ ಹೇಳಿದ ದೊಡ್ಡ ಆಸ್ಪತ್ರೆಗೆ ಸೇರಿದಳು. ಹೊಲಿಗೆ ಹಾಕಿ, ಎರಡು ವಾರ ನಳಿಕೆ ಇಟ್ಟರು. ನಳಿಕೆ ತೆಗೆದ ದಿನ ಅವಳು ಮಂಚದ ಮೇಲೆ ಅಲುಗಾಡದೆ ಮಲಗಿದ್ದಳು, ಅಲುಗಿದರೆ ಒಡೆದುಹೋಗುತ್ತದೋ ಎಂಬಂತೆ. ಮಧ್ಯಾಹ್ನ ಪುಟ್ಟಿ ಬಂದು ಹಾಸು ಮುಟ್ಟಿ ನೋಡಿದಳು. ಮತ್ತೆ ಮುಟ್ಟಿ ನೋಡಿದಳು.

"ಅಮ್ಮ, ಒಣಗಿದೆ."

"ಸರಿಯಾಗಿ ನೋಡು."

"ನೋಡ್ದೆ ಅಮ್ಮ. ಒಣಗಿದೆ."

ಪೂರ್ತಿ ಗುಣವಾಯಿತೆಂದಲ್ಲ. ಜೋರಾಗಿ ಕೆಮ್ಮಿದರೆ, ಭಾರ ಎತ್ತಿದರೆ ಒಂದೆರಡು ಹನಿ ಈಗಲೂ ಬೀಳುತ್ತದೆ. ಅದಕ್ಕೂ ವ್ಯಾಯಾಮ ಹೇಳಿಕೊಟ್ಟಿದ್ದಾರೆ. ಭಾರದ ಕೆಲಸ ಬೇಡ ಎಂದದ್ದರಿಂದ ಯಜಮಾನ ಅವಳನ್ನು ಮೇಲಿನ ಕೋಣೆಗೆ ಹಾಕಿದ್ದಾನೆ.

ಪುಟ್ಟಿಗೂ ಅವಳ ಮುಂದಿನ ದಿನಗಳ ಬಗ್ಗೆ ಡಾಕ್ಟರಮ್ಮ ಬಿಚ್ಚಿ ಹೇಳಿದ್ದರು. ಬಿಪಿ ಮುಂದೆಯೂ ನೋಡಿಸಿಕೊಳ್ಳುತ್ತಿರಬೇಕು. ಇನ್ನೊಂದು ಮಗು ಬೇಕೆನಿಸಿದರೆ, ಬೇಕೆನಿಸಿದಾಗ, ಮೈ ಬಲಿತ ಮೇಲೆ. ಅದನ್ನು ಮುಂದೂಡುವ ದಾರಿಗಳನ್ನೂ ಅವರೇ ಕೂರಿಸಿಕೊಂಡು ಹೇಳಿಕೊಟ್ಟರು. ಅಜ್ಜಿ ನಾಚಿ ಹೊರಗೆ ಹೋಗಹೊರಟರೆ, "ನೀವೂ ಕೂತ್ಕೊಳ್ಳಿ, ಅಕ್ಕಪಕ್ಕದ ಹುಡುಗೀರಿಗೆ ಹೇಳೋಕೆ ಬೇಕಾಗುತ್ತೆ" ಎಂದರಂತೆ. ಈಗ ಓಣಿಯಲ್ಲಿ ಯಾರ ಮನೆಯಲ್ಲಿ ಚಿಕ್ಕ ಹುಡುಗಿಯ ಮದುವೆಯ ಮಾತು ಬಂದರೂ ಅಜ್ಜಿ ಕರೆಯದೆ ಹೋಗಿ ಕೂರುತ್ತಾಳೆ. ಎದ್ದು ಹೋಗು ಎಂದವರೂ ಇದ್ದಾರೆ.

ಮುಂದಿನ ವರ್ಷ ಪುಟ್ಟಿ ಪರೀಕ್ಷೆಗೆ ಕಟ್ಟಿದಳು. ಮೊದಲ ಪರೀಕ್ಷೆಯ ದಿನ ತಾಯಿ ಮಗುವನ್ನು ಎತ್ತಿಕೊಂಡು ಕಾಲೇಜಿನ ಹೊರಗೆ, ಮರದ ಸುತ್ತಲಿನ ಕಟ್ಟೆಯ ಮೇಲೆ ಕಾದಳು. ಮಗುವಿಗೆ ಆಗ ವರ್ಷ ದಾಟಿತ್ತು, ಇನ್ನೂ ಹಿಡಿದುಕೊಂಡೇ ನಿಲ್ಲುತ್ತಿತ್ತು. ಅವಸರದಲ್ಲಿ ಹುಟ್ಟಿದ್ದಲ್ಲವಾ, ಈಗ ಎಲ್ಲಕ್ಕೂ ನಿಧಾನ ಎಂದು ಅಜ್ಜಿ ಹೇಳುತ್ತಿದ್ದಳು. ಪಕ್ಕದಲ್ಲಿ ಯಾರದೋ ತಾಯಿ ಕೂತಿದ್ದಳು.

"ನಿಮ್ಮ ಮಗೂನಾ?" ಎಂದು ಕೇಳಿದಳು.

"ಮೊಮ್ಮಗಳು. ಮಗಳು ಒಳಗೆ ಪರೀಕ್ಷೆ ಬರೀತಿದಾಳೆ."

ಆ ಹೆಂಗಸು ಲೆಕ್ಕ ಹಾಕುವವಳಂತೆ ಅವಳ ಮುಖ ನೋಡಿದಳು. ತಾಯಿ ಕಣ್ಣು ತಗ್ಗಿಸಲಿಲ್ಲ.

ಗಂಟೆ ಬಾರಿಸಿ ಹುಡುಗಿಯರು ಗುಂಪುಗುಂಪಾಗಿ ಹೊರಬಂದರು. ಪುಟ್ಟಿ ಕೊನೆಯಲ್ಲಿ ಬಂದಳು, ಮುಖ ಇಷ್ಟಗಲ ಮಾಡಿಕೊಂಡು.

"ಹೇಗಾಯ್ತು?"

"ಲೆಕ್ಕ ಕೈಕೊಡ್ತು. ಎರಡು ಪ್ರಶ್ನೆ ಬಿಟ್ಟೆ."

"ಬಿಟ್ಟಿದ್ದಕ್ಕೆ ಇಷ್ಟು ಖುಷಿನಾ?"

"ಉಳಿದದ್ದು ಬರೆದೆನಲ್ಲ" ಎಂದು ಪುಟ್ಟಿ ಬ್ಯಾಗನ್ನು ತಾಯಿಯ ಮಡಿಲಿಗೆ ಹಾಕಿ, ಮಗುವನ್ನು ಎತ್ತಿಕೊಂಡಳು. "ಹಸಿವಾಗಿದೆ ಇಬ್ಬರಿಗೂ. ನಡಿ, ಏನಾದ್ರೂ ತಿನ್ನೋಣ."